ಎಂಆರ್‌ಪಿ ಅದೇ, ತೂಕ ಬೇರೆ: ಹಾಗಾದ್ರೆ ಕೆಜಿಗೆ ಎಷ್ಟು ಬಿತ್ತು?

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳೀತು. ಬಿಸ್ಕೆಟ್, ಚಾಕೊಲೇಟ್, ಶಾಂಪೂ, ಟೂತ್‌ಪೇಸ್ಟ್, ಸ್ನಾನದ ಸೋಪು, ತಲೆಗೆ ಹಚ್ಚೋ ಎಣ್ಣೆ ಇವೆಲ್ಲ ಶೇ. 18ರಿಂದ ಶೇ. 5ಕ್ಕೆ, ಬೆಣ್ಣೆ, ತುಪ್ಪ, ಚೀಸ್, ಪ್ಯಾಕೆಟ್ ಖಾರ (ಮಿಕ್ಸ್ಚರ್ ತರದ ತಿಂಡಿ) ಶೇ. 12ರಿಂದ ಶೇ. 5ಕ್ಕೆ ಬಂತು. ಅವತ್ತಿಂದ ಕಾರವಾರದಲ್ಲಿ ಇರ್ಲಿ ಶಿರಸಿಯಲ್ಲಿ ಇರ್ಲಿ ಅಂಗಡಿ ಕೌಂಟರ್ ಮುಂದೆ ಒಂದೇ ಪ್ರಶ್ನೆ, ಟ್ಯಾಕ್ಸ್ ಇಳಿದಿದೆ ಅಂತ ಟಿವಿಲಿ ಹೇಳ್ತಾರೆ, ಹತ್ತು ರೂಪಾಯಿ ಬಿಸ್ಕೆಟ್ ಹತ್ತೇ ರೂಪಾಯಿ ಇದೆ, ಇಳಿದಿದ್ದು ಎಲ್ಲಿ ಹೋಯ್ತು? ಅಂಗಡಿಯವ್ರು ಹೇಳೋದು ತೂಕ ಜಾಸ್ತಿ ಮಾಡಿದಾರೆ ನೋಡಿ ಅಂತ. ಕೆಲವು ಪ್ಯಾಕೆಟ್ ಮೇಲೆ ಹೊಸ ರೇಟಿನ ಸ್ಟಿಕರ್, ಕೆಲವಕ್ಕೆ ಸ್ಟಿಕರೇ ಇಲ್ಲ, ಇನ್ನು ಕೆಲವು ಪ್ಯಾಕೆಟ್ಟಿನ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ "ಗ್ರಾಂಗೆ 0.09" ಅಂತ ಒಂದು ಅಂಕಿ.

ಆ ಸಣ್ಣ ಅಂಕಿನೇ ಯೂನಿಟ್ ಸೇಲ್ ಪ್ರೈಸ್. ಅಂದ್ರೆ ಒಂದು ಗ್ರಾಂಗೆ, ಒಂದು ಮಿಲಿಗೆ ಅಥವಾ ಒಂದು ಕೆಜಿಗೆ ಎಷ್ಟು ಬೀಳತ್ತೆ ಅನ್ನೋ ರೇಟು. ಈ ಗೊಂದಲಕ್ಕೆ ಉತ್ತರ ಕೊಡಬೇಕಾದ ಅಂಕಿ ಅದೇ. ಆದ್ರೆ ಈಗ ಅದನ್ನ ಬರೀತಿರೋ ರೀತಿಯಲ್ಲಿ ಗಿರಾಕಿಗೆ ಅರ್ಧ ಉತ್ತರ ಮಾತ್ರ ಸಿಗತ್ತೆ, ಕೆಲವು ಸಲ ತಪ್ಪು ಉತ್ತರನೂ ಸಿಗತ್ತೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಎಷ್ಟು ಇಳೀಬೇಕಿತ್ತು

ಮೊದಲು ಟ್ಯಾಕ್ಸಿನ ಲೆಕ್ಕ. 18ರಿಂದ 5ಕ್ಕೆ ಬಂದ್ರೆ 13 ಪರ್ಸೆಂಟ್ ಕಮ್ಮಿ ಆಗ್ಬೇಕು ಅಂತ ಸುಮಾರು ಜನ ಅಂದ್ಕೊಂಡಿದಾರೆ, ಅದು ಸರಿಯಲ್ಲ. ಟ್ಯಾಕ್ಸ್ ಸೇರದೆ 100 ರೂಪಾಯಿ ಇರೋ ವಸ್ತು ಮೊದಲು 118ಕ್ಕೆ ಸಿಗ್ತಿತ್ತು, ಈಗ 105ಕ್ಕೆ ಸಿಗಬೇಕು. 118ರಲ್ಲಿ 13 ಅಂದ್ರೆ ಶೇ. 11. ಹಾಗೇ 12ರಿಂದ 5ಕ್ಕೆ ಇಳಿದಿದ್ದಕ್ಕೆ 112 ಇದ್ದದ್ದು 105 ಆಗ್ಬೇಕು, ಅದು ಶೇ. 6 ಚಿಲ್ಲರೆ.

ದೊಡ್ಡ ಬಾಟಲಿ, ದೊಡ್ಡ ಡಬ್ಬಿಗೆ ರೇಟ್ ಇಳಿಸೋದು ಸುಲಭ. ಐದು, ಹತ್ತು ರೂಪಾಯಿ ಪ್ಯಾಕೆಟ್ಟಿಗೆ ಅದು ಕಷ್ಟ, 10 ರೂಪಾಯಿಂದು 8 ರೂಪಾಯಿ 90 ಪೈಸೆ ಮಾಡಿದ್ರೆ ಆ ಚಿಲ್ಲರೆ ಕೊಡೋರು ಯಾರು ತಗೊಳ್ಳೋರು ಯಾರು. ಅದಕ್ಕೆ ಕಂಪನಿಯವ್ರು ರೇಟ್ ಹಾಗೇ ಇಟ್ಟು ತೂಕ ಏರಿಸ್ತೀವಿ ಅಂದ್ರು. ತೂಕದ ಲೆಕ್ಕ ಹಿಡಿದ್ರೆ 100 ಗ್ರಾಂ ಇದ್ದ ಪ್ಯಾಕೆಟ್ 112 ಗ್ರಾಂ ಆಗ್ಬೇಕು (118ನ್ನ 105ರಿಂದ ಭಾಗಿಸಿದ್ರೆ 1.12). ಅಷ್ಟಾದ್ರೆ ಇಳಿದ ಟ್ಯಾಕ್ಸ್ ಪೂರ್ತಿ ನಿಮಗೆ ಬಂತು ಅಂತ ಲೆಕ್ಕ. 104 ಗ್ರಾಂ ಮಾಡಿ "ಹೆಚ್ಚುವರಿ" ಅಂತ ಕೆಂಪು ಅಕ್ಷರದಲ್ಲಿ ಬರೆದ್ರೆ ನಿಮಗೆ ಬಂದಿದ್ದು ಮೂರನೇ ಒಂದು ಭಾಗ, ಉಳಿದದ್ದು ಕಂಪನಿ ಹತ್ರನೇ ಉಳೀತು.

ಕಾರವಾರದ ಮೀನು ಪೇಟೆಯಲ್ಲಿ ಇದು ಹೊಸದೇನಲ್ಲ. ಬಂಗಡೆ "ನೂರಕ್ಕೆ ಎಷ್ಟು" ಅಂತ ಕೇಳೋದು ರೂಢಿ, ನೂರು ರೂಪಾಯಿ ಅನ್ನೋದು ನಿಂತಿರತ್ತೆ, ಮೀನಿನ ಸಂಖ್ಯೆ ಮೇಲೆ ಕೆಳಗೆ ಆಗತ್ತೆ. ಜೂನ್ ಜುಲೈ ಮೀನುಗಾರಿಕೆ ಬಂದ್ ಇದ್ದಾಗ ನೂರಕ್ಕೆ ಸಿಗೋದು ಕಮ್ಮಿ, ಬೋಟು ಇಳಿದ ಮೇಲೆ ಜಾಸ್ತಿ. ಆದ್ರೆ ಅಲ್ಲಿ ಮೀನು ಕಣ್ಣೆದುರಿಗೇ ಇರತ್ತೆ, ಎಣಿಸಬಹುದು, ಗಾತ್ರ ನೋಡಬಹುದು, ಪಕ್ಕದ ಬುಟ್ಟಿಗೆ ಹೋಗಿ ಕೇಳಬಹುದು. ಬಿಸ್ಕೆಟ್ ಪ್ಯಾಕೆಟ್ಟಿನಲ್ಲಿ ಗಾಳಿ ತುಂಬಿರತ್ತೆ, ಹೋದ ತಿಂಗಳಿಂದು ಎಷ್ಟು ಗ್ರಾಂ ಇತ್ತು ಅಂತ ಯಾರಿಗೂ ನೆನಪಿರಲ್ಲ. ಅದಕ್ಕೇ ಈ ಯೂನಿಟ್ ರೇಟ್ ಬೇಕಾಗೋದು.

ಈ ಅಂಕಿ ಎಲ್ಲಿಂದ ಬಂತು

ಮೊದಲು ಬಿಸ್ಕೆಟ್, ಬ್ರೆಡ್, ಚಾ ಪುಡಿ, ಕಾಫಿ, ಉಪ್ಪು, ಅಡುಗೆ ಎಣ್ಣೆ, ಸೋಪು ಹೀಗೆ 19 ಬಗೆಯ ಸಾಮಾನನ್ನ ಇಂತಿಂಥ ತೂಕದಲ್ಲೇ ಪ್ಯಾಕ್ ಮಾಡ್ಬೇಕು ಅಂತ ಕಾನೂನಿತ್ತು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಎರಡನೇ ಶೆಡ್ಯೂಲ್ (ಪಟ್ಟಿ) ಅದು. ಎಲ್ಲರದ್ದೂ ಅರ್ಧ ಕೆಜಿ, ಒಂದು ಕೆಜಿ ಅಂತ ಇದ್ರೆ ಗಿರಾಕಿಗೆ ಲೆಕ್ಕವೇ ಬೇಡ, ಈ ಪ್ಯಾಕೆಟ್ಟಿನ ರೇಟು ಆ ಪ್ಯಾಕೆಟ್ಟಿನ ರೇಟು ಪಕ್ಕ ಪಕ್ಕ ಇಟ್ಟು ನೋಡಿದ್ರೆ ಸಾಕಿತ್ತು.

2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ ಶೆಡ್ಯೂಲ್ ತೆಗೆದುಹಾಕ್ತು. ಇನ್ನು ಮೇಲೆ ಎಷ್ಟು ಗ್ರಾಂ ಬೇಕಾದ್ರೂ ಹಾಕಿ ಮಾರಬಹುದು, ಅದರ ಬದಲಿಗೆ ಯೂನಿಟ್ ಸೇಲ್ ಪ್ರೈಸ್ ಬರೀಬೇಕು ಅಂತ ಆಯ್ತು. 2022ರ ಏಪ್ರಿಲ್‌ನಿಂದ ಅಂತ ಮೊದಲು ಹೇಳಿದ್ದು, ಆಮೇಲೆ ಮುಂದಕ್ಕೆ ಹೋಯ್ತು. ಇದೊಂದು ಕೊಡು-ಕೊಳ್ಳುವ ಒಪ್ಪಂದ ಅಂತ ತಿಳ್ಕೊಳ್ಳಿ, ಕಂಪನಿಗೆ ಸ್ವಾತಂತ್ರ್ಯ, ಗಿರಾಕಿಗೆ ಮಾಹಿತಿ. ಸ್ವಾತಂತ್ರ್ಯ ಪೂರ್ತಿ ಸಿಕ್ತು. ಮಾಹಿತಿ ಪೂರ್ತಿ ಸಿಗಲಿಲ್ಲ, ತೊಂದರೆ ಇರೋದು ಅಲ್ಲೇ.

ಅಡುಗೆ ಎಣ್ಣೆ ನೋಡಿದ್ರೆ ಪರಿಣಾಮ ಗೊತ್ತಾಗತ್ತೆ. ಮೊದಲು ಎಣ್ಣೆ ಪೌಚ್ ಅಂದ್ರೆ ಒಂದು ಲೀಟರ್, ಸುಮಾರು 910 ಗ್ರಾಂ. ಈಗ ಅದೇ ಎತ್ತರ, ಅದೇ ಅಗಲದ ಪೌಚಿನಲ್ಲಿ 850 ಗ್ರಾಂ, 800 ಗ್ರಾಂ ಬರ್ತಿದೆ. ಉದಾಹರಣೆಗೆ 910 ಗ್ರಾಂಂದು 150 ರೂಪಾಯಿ, 800 ಗ್ರಾಂಂದು 136 ರೂಪಾಯಿ ಅಂತಿಟ್ಕೊಳ್ಳಿ. ಕೈಗೆ ಹಿಡಿದ್ರೆ ಎರಡೂ ಒಂದೇ ತರ, 14 ರೂಪಾಯಿ ಉಳೀತು ಅಂತ ಎರಡನೇದು ತಗೊಳ್ತೀವಿ. ಕೆಜಿ ಲೆಕ್ಕ ಹಾಕಿದ್ರೆ ಮೊದಲನೇದು 165, ಎರಡನೇದು 170. ಎಣ್ಣೆ ಉದ್ಯಮದ ಸಂಘಗಳೇ ಹಳೇ ತೂಕದ ಪದ್ಧತಿ ವಾಪಸ್ ತನ್ನಿ ಅಂತ ಸರ್ಕಾರಕ್ಕೆ ಕೇಳಿವೆ, ಯಾಕಂದ್ರೆ ಪೂರ್ತಿ ತೂಕ ಹಾಕಿ ಮಾರೋನಿಗೆ ಕಮ್ಮಿ ತೂಕ ಹಾಕಿ ರೇಟ್ ಇಳಿಸಿ ತೋರಿಸೋನ ಎದುರು ನಿಲ್ಲೋಕೆ ಆಗ್ತಿಲ್ಲ.

ಒಂದು ಕಡೆ ಗ್ರಾಂ, ಇನ್ನೊಂದು ಕಡೆ ಕೆಜಿ

ನಿಯಮ ಹೇಳೋದು ಹೀಗೆ, ಒಂದು ಕೆಜಿಗಿಂತ ಕಮ್ಮಿ ಇರೋ ಪ್ಯಾಕೆಟ್ ಮೇಲೆ ಗ್ರಾಂಗೆ ಎಷ್ಟು ಅಂತ ಬರೀಬೇಕು, ಒಂದು ಕೆಜಿಗಿಂತ ಜಾಸ್ತಿ ಇದ್ರೆ ಕೆಜಿಗೆ ಎಷ್ಟು ಅಂತ. ದ್ರವಕ್ಕೆ ಮಿಲಿ ಮತ್ತು ಲೀಟರ್. ರೂಪಾಯಿಯ ಎರಡು ದಶಾಂಶಕ್ಕೆ, ಅಂದ್ರೆ ಪೈಸೆಗೆ ರೌಂಡ್ ಮಾಡ್ಬೇಕು.

ಇದರಲ್ಲಿ ಎರಡು ತೊಡಕು. ಬಟ್ಟೆ ಒಗೆಯೋ ಪೌಡರ್ ಅರ್ಧ ಕೆಜಿ ಪ್ಯಾಕೆಟ್ ಮೇಲೆ 0.12 ಅಂತಿರತ್ತೆ, ನಾಲ್ಕು ಕೆಜಿ ಚೀಲದ ಮೇಲೆ 120 ಅಂತಿರತ್ತೆ. ಸಂತೆ ಚೀಲ ಒಂದು ಕೈಲಿ, ಮಗು ಇನ್ನೊಂದು ಕೈಲಿ ಹಿಡ್ಕೊಂಡು ನಿಂತೋರು 0.12ನ್ನ ಸಾವಿರದಿಂದ ಗುಣಿಸಿ ನೋಡ್ಬೇಕು ಅನ್ನೋದು ಅತಿಯಾಯ್ತು. ಹೋಲಿಸೋಕೆ ಅಂತ ಮಾಡಿದ ಅಂಕಿ ಎರಡು ಬೇರೆ ಅಳತೆಯಲ್ಲಿದ್ರೆ ಹೋಲಿಸೋದು ಹೇಗೆ.

ಎರಡನೇದು ಇನ್ನೂ ದೊಡ್ಡದು, ರೌಂಡ್ ಮಾಡೋದು. ಗ್ರಾಂಗೆ ಒಂದು ಪೈಸೆ ಅಂದ್ರೆ ಕೆಜಿಗೆ 10 ರೂಪಾಯಿ. ಪೈಸೆಗೆ ರೌಂಡ್ ಮಾಡಿದಾಗ ಕೆಜಿಗೆ 5 ರೂಪಾಯಿವರೆಗೂ ಆಚೆ ಈಚೆ ಆಗತ್ತೆ. 500 ರೂಪಾಯಿ ಕೆಜಿಯ ಚಾ ಪುಡಿಗೆ ಇದು ನಡೀತದೆ, ಉಪ್ಪಿಗೆ ನಡೆಯಲ್ಲ. ಅರ್ಧ ಕೆಜಿ ಉಪ್ಪು 13 ರೂಪಾಯಿ ಆದ್ರೆ ಗ್ರಾಂಗೆ 0.026, 17 ರೂಪಾಯಿ ಆದ್ರೆ 0.034, ಎರಡರ ಮೇಲೂ ಬರೋದು 0.03 ಅಂತಲೇ. ಒಂದು ಕೆಜಿಗೆ 26, ಇನ್ನೊಂದು 34, ಲೇಬಲ್ ಹೇಳತ್ತೆ ಎರಡೂ ಒಂದೇ.

ಈಗ ಆ ಹತ್ತು ರೂಪಾಯಿ ಬಿಸ್ಕೆಟ್ಟಿಗೆ ವಾಪಸ್ ಬನ್ನಿ. ಮೊದಲು 100 ಗ್ರಾಂ ಇದ್ದಾಗ ಗ್ರಾಂಗೆ 0.10. ನ್ಯಾಯವಾಗಿ 112 ಗ್ರಾಂ ಮಾಡಿದ್ರೆ 0.089, ರೌಂಡ್ ಆಗಿ 0.09. ಕಂಪನಿ 106 ಗ್ರಾಂ ಮಾತ್ರ ಮಾಡಿದ್ರೆ 0.094, ಅದೂ ರೌಂಡ್ ಆಗಿ 0.09. 104 ಗ್ರಾಂ ಮಾಡಿದ್ರೆ 0.096, ಅದು 0.10 ಅಂತಲೇ ಉಳಿಯತ್ತೆ. ಅಂದ್ರೆ ಟ್ಯಾಕ್ಸ್ ಪೂರ್ತಿ ಬಿಟ್ಟುಕೊಟ್ಟೋನು, ಅರ್ಧ ಇಟ್ಕೊಂಡೋನು ಇಬ್ಬರ ಪ್ಯಾಕೆಟ್ ಮೇಲೂ ಒಂದೇ ಅಂಕಿ. ಕಂಪನಿ ಸುಳ್ಳು ಬರೆದಿಲ್ಲ, ನಿಯಮ ಹೇಳಿದ ಹಾಗೇ ಬರೆದಿದೆ.

ಕೆಜಿಗೆ ಎಷ್ಟು ಅಂತಲೇ ಎಲ್ಲದರ ಮೇಲೂ ಬರೆಸಿದ್ರೆ ಎರಡೂ ತೊಡಕು ಒಂದೇ ಏಟಿಗೆ ಹೋಗ್ತಿತ್ತು. ಆಸ್ಟ್ರೇಲಿಯಾದಲ್ಲಿ 2009ರಿಂದ ದೊಡ್ಡ ಅಂಗಡಿಗಳಲ್ಲಿ ಯೂನಿಟ್ ರೇಟ್ ಕಡ್ಡಾಯ, ಅಲ್ಲಿ ಸುಮಾರು ದಿನಸಿಗೆ 100 ಗ್ರಾಂ ಲೆಕ್ಕ. ಯುರೋಪಿನಲ್ಲಿ 1998ರ ನಿರ್ದೇಶನದ ಪ್ರಕಾರ ಸಾಮಾನ್ಯವಾಗಿ ಕೆಜಿ ಅಥವಾ ಲೀಟರ್. ನಮ್ಮಲ್ಲೂ ಅದನ್ನ ಮಾಡೋಕೆ ತಾಂತ್ರಿಕವಾಗಿ ಏನೂ ಅಡ್ಡಿ ಇಲ್ಲ.

ಎಂಆರ್‌ಪಿ ಮೇಲಿನ ಲೆಕ್ಕ, ಬಿಲ್ಲಿನ ಮೇಲಿನದಲ್ಲ

ಆ ದೇಶಗಳಲ್ಲಿ ಯೂನಿಟ್ ರೇಟ್ ಬರೆಯೋದು ಅಂಗಡಿಯವನ ಜವಾಬ್ದಾರಿ, ಶೆಲ್ಫ್ ಮೇಲಿನ ಚೀಟಿಯಲ್ಲಿ, ಅವತ್ತು ಮಾರೋ ರೇಟಿನ ಮೇಲೆ. ನಮ್ಮಲ್ಲಿ ಬರೆಯೋದು ಪ್ಯಾಕ್ ಮಾಡೋ ಕಂಪನಿ, ಪ್ಯಾಕೆಟ್ ಮೇಲೆ, ಎಂಆರ್‌ಪಿ ಹಿಡಿದು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕೊರತೆ ಇದೇ.

ಯಾಕಂದ್ರೆ ಈಗ ಸೂಪರ್ ಮಾರ್ಕೆಟ್ಟಲ್ಲಿ ಎಂಆರ್‌ಪಿಗೆ ಮಾರೋದು ಎಷ್ಟು ಐಟಂ? ತೊಗರಿಬೇಳೆ ಒಂದು ಕೆಜಿ ಪ್ಯಾಕೆಟ್ ಮೇಲೆ 210 ಅಂತ ಇರತ್ತೆ, ಮಾರೋದು 148ಕ್ಕೆ. ಪಕ್ಕದಲ್ಲಿ ಬೇರೆ ಬ್ರ್ಯಾಂಡಿನ ಅರ್ಧ ಕೆಜಿ, ಎಂಆರ್‌ಪಿ 90, ಮಾರೋದು 86ಕ್ಕೆ. ಲೇಬಲ್ ನೋಡಿದ್ರೆ ಮೊದಲನೇದು ಕೆಜಿಗೆ 210, ಎರಡನೇದು ಗ್ರಾಂಗೆ 0.18 ಅಂದ್ರೆ ಕೆಜಿಗೆ 180, ಎರಡನೇದೇ ಅಗ್ಗ ಅನ್ಸತ್ತೆ. ಬಿಲ್ ನೋಡಿದ್ರೆ ಮೊದಲನೇದು 148, ಎರಡನೇದು 172. ಲೇಬಲ್ ನಂಬಿದೋರು ಕೆಜಿಗೆ 24 ರೂಪಾಯಿ ಜಾಸ್ತಿ ಕೊಟ್ರು. (ಅಂಕಿ ಎಲ್ಲ ಉದಾಹರಣೆಗೆ, ಆದ್ರೆ ಈ ತರದ ಜೋಡಿ ಯಾವ ಅಂಗಡಿಯಲ್ಲಿ ಹುಡುಕಿದ್ರೂ ಸಿಗತ್ತೆ.)

ಸ್ಟಿಕರ್ ವಿಷಯನೂ ಇಲ್ಲೇ ಬರತ್ತೆ. ಟ್ಯಾಕ್ಸ್ ಇಳಿದಾಗ ಹಳೇ ಸ್ಟಾಕಿನ ಮೇಲೆ ಹೊಸ ಎಂಆರ್‌ಪಿ ಸ್ಟಿಕರ್ ಅಂಟಿಸೋಕೆ ಕೇಂದ್ರ ಅವಕಾಶ ಕೊಟ್ಟಿತ್ತು. ಸ್ಟಿಕರ್‌ನಲ್ಲಿ ಹೊಸ ಎಂಆರ್‌ಪಿ ಮಾತ್ರ ಇದ್ರೆ ಕೆಳಗೆ ಅಚ್ಚಾಗಿರೋ ಯೂನಿಟ್ ರೇಟು ಹಳೇ ಎಂಆರ್‌ಪಿದೇ ಆಗಿರತ್ತೆ, ಅದನ್ನ ಹೊಸ ಪ್ಯಾಕೆಟ್ ಜೊತೆ ಹೋಲಿಸ್ಬಾರದು.

ಗಾಣದ ಎಣ್ಣೆ ಕೆಜಿಗೆ, ಬಾಟಲಿ ಎಣ್ಣೆ ಲೀಟರಿಗೆ

ಕರಾವಳಿಗೆ ಹೆಚ್ಚು ತಾಗೋದು ಕೊಬ್ಬರಿ ಎಣ್ಣೆ. 2025ರಲ್ಲಿ ಅದರ ರೇಟ್ ಏರಿದ್ದು ನೋಡಿ ಕುಮಟಾ, ಅಂಕೋಲಾ, ಹೊನ್ನಾವರ ಕಡೆ ಮೀನು ಸಾರಿಗೆ ಒಗ್ಗರಣೆ ಹಾಕೋರೂ ಕೈ ಬಿಗಿ ಮಾಡಿದ್ರು. ಎಷ್ಟೋ ಗಾಣದಲ್ಲಿ ಎಣ್ಣೆ ಕೆಜಿ ಲೆಕ್ಕದಲ್ಲಿ ಕೊಡ್ತಾರೆ, ಬಾಟಲಿ ಬರೋದು ಮಿಲಿ ಲೆಕ್ಕದಲ್ಲಿ. ಗಾಣದಲ್ಲಿ ಕೆಜಿಗೆ 520, ಅಂಗಡಿಯಲ್ಲಿ 500 ಮಿಲಿ ಬಾಟಲಿಗೆ 250 ಅಂದ್ರೆ ಲೀಟರಿಗೆ 500, ಹಾಗಾದ್ರೆ ಬಾಟಲಿನೇ ಕಮ್ಮಿ ಅಂತ ತಗೊಳ್ತಾರೆ.

ಆದ್ರೆ ಒಂದು ಲೀಟರ್ ಕೊಬ್ಬರಿ ಎಣ್ಣೆ ತೂಗೋದು ಸುಮಾರು 920 ಗ್ರಾಂ. 500 ಮಿಲಿ ಅಂದ್ರೆ 460 ಗ್ರಾಂ. 250 ರೂಪಾಯಿಗೆ 460 ಗ್ರಾಂ ಅಂದ್ರೆ ಕೆಜಿಗೆ 543 ಬಿತ್ತು. ಗಾಣದ್ದೇ 23 ರೂಪಾಯಿ ಕಮ್ಮಿ. ನೆನಪಿಡೋಕೆ ಸುಲಭದ ದಾರಿ ಇದೆ, ಎಣ್ಣೆಯ ಲೀಟರ್ ರೇಟಿಗೆ ನೂರಕ್ಕೆ 9 ರೂಪಾಯಿ ಹಾಗೆ ಸೇರಿಸಿ, ಹೆಚ್ಚುಕಮ್ಮಿ ಕೆಜಿ ರೇಟ್ ಸಿಗತ್ತೆ.

ಎಣ್ಣೆ ಬಿಸಿಯಾದ್ರೆ ಹಿಗ್ಗತ್ತೆ, ಅದೂ ಒಂದು ಆಟಕ್ಕೆ ದಾರಿ ಮಾಡ್ತು. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ಇದ್ರೆ 60 ಡಿಗ್ರಿಯಲ್ಲಿ 892.6 ಗ್ರಾಂ ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೇ 2022ರಲ್ಲಿ ಹೇಳಿತ್ತು. ಕೆಲವು ಕಂಪನಿ ಪ್ಯಾಕೆಟ್ ಮೇಲೆ 60 ಡಿಗ್ರಿ ಅಂತ ಬರೆದು ಕಮ್ಮಿ ಎಣ್ಣೆಯನ್ನೇ ಒಂದು ಲೀಟರ್ ಅಂತ ತೋರಿಸ್ತಿದ್ವು. ಡಿಗ್ರಿ ಬರೀಬೇಡಿ, ಲೀಟರ್ ಜೊತೆಗೆ ತೂಕವನ್ನೂ ಬರೀರಿ ಅಂತ ಇಲಾಖೆ ಸೂಚನೆ ಕೊಡ್ತು. ಹಾಗಾಗಿ ಎಣ್ಣೆ ಪ್ಯಾಕೆಟ್ಟಲ್ಲಿ ನೋಡಬೇಕಾದ್ದು ಲೀಟರ್ ಅಲ್ಲ, ಪಕ್ಕದಲ್ಲಿ ಬರೆದಿರೋ ಗ್ರಾಂ.

26 ಕೆಜಿ ಅಕ್ಕಿ ಚೀಲದ ಕಥೆ

2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟು 25 ಕೆಜಿವರೆಗೆ ಇದ್ರೆ ಶೇ. 5 ಜಿಎಸ್‌ಟಿ ಬಿತ್ತು. ಲೂಸಾಗಿ ತೂಗಿ ಕೊಟ್ರೆ ಇಲ್ಲ, 25 ಕೆಜಿ ದಾಟಿದ್ರೂ ಇಲ್ಲ. ಸ್ವಲ್ಪ ದಿನಕ್ಕೇ ಮಾರ್ಕೆಟ್ಟಿಗೆ 26 ಕೆಜಿ ಚೀಲ ಬಂತು. ಒಂದು ಕೆಜಿ ಜಾಸ್ತಿ ಹಾಕಿದ್ದು ಗಿರಾಕಿ ಮೇಲಿನ ಪ್ರೀತಿಗಲ್ಲ, ಟ್ಯಾಕ್ಸ್ ಗೆರೆ ದಾಟೋಕೆ. ಗಿರಾಕಿಗೆ ಇದರಿಂದ ಲಾಭನೂ ಇದೆ, ಆದ್ರೆ ಲೇಬಲ್ಲಿನ ನಿಯಮವನ್ನೂ 25 ಕೆಜಿವರೆಗಿನ ಚಿಲ್ಲರೆ ಪ್ಯಾಕೆಟ್ಟಿಗೇ ಅಂತ ಬರೆದಿದ್ದು, ಅಂದ್ರೆ ಎಲ್ಲಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ತರೋ ಸಾಮಾನಿಗೇ ಯೂನಿಟ್ ರೇಟಿನ ಆಸರೆ ಇಲ್ಲ. ಚೀಲಕ್ಕೆ 1,500 ಅಂದಾಗ 25 ಕೆಜಿದಾದ್ರೆ ಕೆಜಿಗೆ 60, 26 ಕೆಜಿದಾದ್ರೆ 57 ರೂಪಾಯಿ 69 ಪೈಸೆ. ಕುಚಲಕ್ಕಿ ಆಗ್ಲಿ ಬೆಳ್ತಿಗೆ ಆಗ್ಲಿ ಚೀಲದ ರೇಟ್ ಕೇಳಿದ ಕೂಡಲೇ ಎಷ್ಟು ಕೆಜಿ ಚೀಲ ಅಂತ ಕೇಳ್ಬೇಕು.

ದೊಡ್ಡ ಪ್ಯಾಕೆಟ್ಟೇ ಅಗ್ಗ ಅನ್ನೋ ನಂಬಿಕೆ

ಇದು ಅರ್ಧ ಮಾತ್ರ ನಿಜ. ಅಕ್ಕಿ, ಪೌಡರ್, ಎಣ್ಣೆಗೆ ಸಾಮಾನ್ಯವಾಗಿ ದೊಡ್ಡದು ಅಗ್ಗ ಬೀಳತ್ತೆ. ಶಾಂಪೂಗೆ ಎಷ್ಟೋ ಬ್ರ್ಯಾಂಡಿನಲ್ಲಿ ಉಲ್ಟಾ, ಒಂದು ಎರಡು ರೂಪಾಯಿ ಸ್ಯಾಶೆಯಲ್ಲಿ ಮಿಲಿಗೆ ಬೀಳೋದು ಬಾಟಲಿಗಿಂತ ಕಮ್ಮಿ. ಆದ್ರೆ 10 ಗ್ರಾಂ ಅಥವಾ 10 ಮಿಲಿ ಒಳಗಿನ ಪ್ಯಾಕೆಟ್ಟಿಗೆ ಈ ನಿಯಮದಿಂದ ವಿನಾಯ್ತಿ ಇದೆ, ಹಾಗಾಗಿ ಸ್ಯಾಶೆ ಅಗ್ಗ ಅಂತ ಹೇಳೋ ಅಂಕಿನೇ ಅದರ ಮೇಲೆ ಇರಲ್ಲ. ದಿನಗೂಲಿ ಮೇಲೆ ಬದುಕೋ ಮನೆಯವ್ರು ಸ್ಯಾಶೆ ತಗೊಂಡ್ರೆ ಅವ್ರಿಗೆ ಲೆಕ್ಕ ಬರಲ್ಲ ಅಂತ ಮಾತಾಡೋರಿದಾರೆ, ಅದು ತಪ್ಪು, ಶಾಂಪೂ ವಿಷಯದಲ್ಲಂತೂ ಅವ್ರ ಲೆಕ್ಕವೇ ಸರಿ.

ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡೀಬೇಕು. ಮಳೆ ಹಿಡಿಯೋ ಮುಂಚೆ ಸಾಮಾನು ಕೂಡಿಡೋದು ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹಳೇ ಪದ್ಧತಿ, ರಸ್ತೆ ಕುಸಿದ್ರೆ ಕರೆಂಟ್ ಹೋದ್ರೆ ಅಂತ. ಆದ್ರೆ ಆ ತೇವದಲ್ಲಿ ಐದು ಕೆಜಿ ಗೋಧಿ ಹಿಟ್ಟು ಬಿಚ್ಚಿಟ್ರೆ ಹುಳ ಹತ್ತತ್ತೆ, ಖಾರದ ಪುಡಿಗೆ ಬೂಸ್ಟು ಬರತ್ತೆ, ಬೆಲ್ಲ ನೀರು ಬಿಡತ್ತೆ, ಸಾಣಿಕಟ್ಟಾದ ಹರಳುಪ್ಪು ಭರಣಿ ತಳದಲ್ಲಿ ಕರಗಿ ನಿಲ್ಲತ್ತೆ. ಐದು ಕೆಜಿ ಹಿಟ್ಟಿಗೆ 225 ಕೊಟ್ಟು ಕೆಜಿಗೆ 45 ಬಿತ್ತು ಅಂತ ತಂದು ಒಂದು ಕೆಜಿ ಹೊರಗೆ ಚೆಲ್ಲಿದ್ರೆ, ಉಂಡ ನಾಲ್ಕು ಕೆಜಿಗೆ 56 ಬಿದ್ದ ಹಾಗಾಯ್ತು. ಒಂದು ಕೆಜಿ ಪ್ಯಾಕೆಟ್ 50ಕ್ಕೆ ಸಿಗ್ತಿತ್ತು.

ಯಾರ ವಾದ ಏನು

ಕಂಪನಿಗಳು ಹೇಳೋದು, ಕಚ್ಚಾ ಮಾಲಿನ ರೇಟ್ ಏರಿದಾಗ ಐದು ರೂಪಾಯಿ ಪ್ಯಾಕೆಟ್ ಆರು ಮಾಡಿದ್ರೆ ಯಾರೂ ತಗೊಳ್ಳಲ್ಲ, ಗ್ರಾಂ ಕಮ್ಮಿ ಮಾಡೋದು ಬಿಟ್ರೆ ದಾರಿ ಇಲ್ಲ, ಬಡವರ ಕೈಗೆ ಸಾಮಾನು ಎಟುಕೋದೇ ಅದರಿಂದ. ಮಾತಲ್ಲಿ ಸತ್ಯ ಇದೆ. ಸಣ್ಣ ಅಂಗಡಿಯವ್ರದ್ದು ಬೇರೆ ಕಷ್ಟ, ಹಳೇ ರೇಟಲ್ಲಿ ತಂದ ಸ್ಟಾಕ್ ಕೈಲಿದೆ, ಗಿರಾಕಿ ಹೊಸ ರೇಟ್ ಕೇಳ್ತಾರೆ, ಬೈಗುಳ ತಿನ್ನೋದು ಅವ್ರು. ಗ್ರಾಹಕರ ಪರ ಇರೋರು ಹೇಳೋದು, ತೂಕ ಇಳಿಸೋದಾದ್ರೆ ಇಳಿಸಿ, ಆದ್ರೆ ಹೇಳಿ ಇಳಿಸಿ. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ ದೊಡ್ಡ ಅಂಗಡಿಗಳು ತೂಕ ಇಳಿದ ಪ್ಯಾಕೆಟ್ಟಿನ ಹತ್ತಿರ ಹಾಗಂತ ಬೋರ್ಡ್ ಹಾಕ್ಬೇಕು. ನಮ್ಮಲ್ಲಿ ಅಂಥದ್ದಿಲ್ಲ.

ನನಗೆ ಗ್ರಾಹಕರ ವಾದವೇ ಸರಿ ಅನ್ಸತ್ತೆ, ಅದಕ್ಕೆ ಇನ್ನೊಂದು ಕಾರಣನೂ ಇದೆ. ಟ್ಯಾಕ್ಸ್ ಇಳಿದಿದ್ದನ್ನ ಗಿರಾಕಿಗೆ ಕೊಡದೆ ಇಟ್ಕೊಂಡ್ರೆ ವಿಚಾರಿಸೋಕೆ ಮೊದಲು ಜಿಎಸ್‌ಟಿ ಕಾಯ್ದೆಯಲ್ಲೇ ಲಾಭಕೋರತನ ತಡೆಯೋ ವ್ಯವಸ್ಥೆ ಇತ್ತು. 2025ರ ಏಪ್ರಿಲ್ 1ರಿಂದ ಅದರಡಿ ಹೊಸ ದೂರು ತಗೊಳ್ಳೋದು ನಿಂತಿದೆ. ಅದಾಗಿ ಆರು ತಿಂಗಳೊಳಗೇ ಇಷ್ಟು ದೊಡ್ಡ ಇಳಿಕೆ ಬಂತು. ದೂರು ಕೊಡೋಕೆ 1915 ಸಹಾಯವಾಣಿ ಇದೆ, ಬರೆದ ತೂಕಕ್ಕಿಂತ ಕಮ್ಮಿ ಇದ್ರೆ, ಎಂಆರ್‌ಪಿಗಿಂತ ಜಾಸ್ತಿ ತಗೊಂಡ್ರೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ ಹೋಗಬಹುದು. ಆದ್ರೆ 112 ಆಗಬೇಕಾದ್ದು 106 ಆಗಿದೆ ಅನ್ನೋದು ಆ ಇಲಾಖೆ ಲೆಕ್ಕದಲ್ಲಿ ತಪ್ಪೇ ಅಲ್ಲ, ಪ್ಯಾಕೆಟ್ ಮೇಲೆ 106 ಅಂತ ಬರೆದು 106 ಹಾಕಿದ್ರೆ ಮುಗೀತು.

ದಿಲ್ಲಿಯವರೆಗೆ ಹೋಗದೇ ಆಗೋ ಕೆಲಸ

ಗ್ರಾಂ ಬಿಟ್ಟು ಕೆಜಿ ಮಾಡೋದು, ರೌಂಡಿಂಗ್ ಸರಿ ಮಾಡೋದು ಕೇಂದ್ರದ ಕೈಲಿದೆ. ಶೆಲ್ಫ್ ಮೇಲೆ ಇವತ್ತು ಮಾರೋ ರೇಟು ಕೆಜಿಗೆ ಎಷ್ಟು ಅಂತ ಚೀಟಿ ಅಂಟಿಸೋಕೆ ಮಾತ್ರ ಯಾವ ತಿದ್ದುಪಡಿನೂ ಬೇಡ, ಅಂಗಡಿಯವ್ರು ಮನಸ್ಸು ಮಾಡಿದ್ರೆ ಸಾಕು. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ರೇಟು ಇರತ್ತೆ, ತೂಕ ಒಂದು ಸಲ ತುಂಬಿಸಿದ್ರೆ ಭಾಗಿಸೋದು ಅದರದ್ದೇ ಕೆಲಸ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದರಲ್ಲೊಂದು ಅನುಕೂಲ ಇದೆ. ಶಿರಸಿಯ ಟಿಎಸ್‌ಎಸ್ (ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ) ಸೂಪರ್ ಮಾರ್ಕೆಟ್ ತರ ಇಲ್ಲಿ ಸಹಕಾರಿ ಸಂಘದವ್ರೇ ದಿನಸಿ ಮಾರೋದಿದೆ, ಅಡಿಕೆ ಹಾಕೋ ಸದಸ್ಯರೇ ಅಲ್ಲಿ ಮಾಲೀಕರೂ ಹೌದು ಗಿರಾಕಿಗಳೂ ಹೌದು. ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ ಮುಗಿಯತ್ತೆ. ಡಿವಿಡೆಂಡ್ ಎಷ್ಟು ಅಂತ ಕೇಳೋ ಜೊತೆಗೇ, ಎಣ್ಣೆ, ಬೇಳೆ, ಹಿಟ್ಟು, ಒಗೆಯೋ ಪೌಡರ್ ಈ ನಾಲ್ಕಕ್ಕಾದ್ರೂ ಶೆಲ್ಫ್ ಮೇಲೆ ಕೆಜಿ ರೇಟಿನ ಚೀಟಿ ಹಾಕಿ ಅಂತ ಒಬ್ಬ ಸದಸ್ಯ ಎದ್ದು ನಿಂತು ಕೇಳಬಹುದು, ಠರಾವಿಗೆ ಬರೆಸಬಹುದು.